ನನಗೊಂದು ನಂಬರು ಕೊಡದ ಅತ್ತೆ

ನಮ್ಮತ್ತೆಯ ಎದುರು ಕೆಮ್ಮಬೇಡಿ. ಕೆಮ್ಮಿದರೆ ಅವರು ನೀರು ಕೊಡುವುದಿಲ್ಲ, ಶುಂಠಿ ಕಷಾಯ ಕೊಡುವುದಿಲ್ಲ, ನಂಬರು ಕೊಡುತ್ತಾರೆ! "ಆರ್ ಸೊನ್ನೆ ಐದು" ಎಂದು ಹೇಳಿ ಮತ್ತೆ ತಮ್ಮ ಪಾಡಿಗೆ ಪೇಪರ್ ಓದುತ್ತಾರೆ. ಕೆಮ್ಮಿದವರು ಅದು ಬಸ್ಸಿನ ನಂಬರೋ ಮನೆಯ ನಂಬರೋ ತಿಳಿಯದೆ ಇನ್ನೊಮ್ಮೆ ಕೆಮ್ಮುತ್ತಾರೆ.

ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ, ನಮ್ಮಪ್ಪನ ತಂಗಿ. ಹೆಣ್ಣು ಕೊಟ್ಟ ಅತ್ತೆಯ ಬಗ್ಗೆ ಬರೆಯುವಷ್ಟು ಧೈರ್ಯ ನನಗಿಲ್ಲ. ಇವರಿಗೆ ಈಗ ಎಪ್ಪತ್ನಾಲ್ಕು. ಮದುವೆಯಾಗಲಿಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಇದ್ದಾರೆ. ಮೂವತ್ತು ವರ್ಷಕ್ಕೂ ಮೀರಿ ಒಂದು ದೊಡ್ಡ ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿದವರು. ರೋಗಿ ಗುಣವಾಗಿಯೋ ಆಗದೆಯೋ ಮನೆಗೆ ಹೋದ ಮೇಲೆ ಅವನ ಕೇಸ್ ಶೀಟು ನೆಲಮಾಳಿಗೆಗೆ ಬರುತ್ತದಂತೆ. ಅಲ್ಲಿ ಅತ್ತೆ ಕೂತು, ಡಾಕ್ಟರ ಅಕ್ಷರ ಬಿಡಿಸಿ ಓದಿ, ಪ್ರತಿ ಕಾಯಿಲೆಯ ಪಕ್ಕಕ್ಕೆ ಒಂದು ನಂಬರು ಬರೆಯಬೇಕು. ಈ ನಂಬರುಗಳನ್ನು ಅತ್ತೆ ಕಂಡುಹಿಡಿದದ್ದಲ್ಲ. ಜಗತ್ತಿನ ದೇಶಗಳೆಲ್ಲ ಸೇರಿ ಒಪ್ಪಿಕೊಂಡ ದೊಡ್ಡ ಪಟ್ಟಿಯೊಂದಿದೆ. ಸಕ್ಕರೆ ಕಾಯಿಲೆ ಜಪಾನಿನಲ್ಲಿ ಬಂದರೂ ಇ ಹನ್ನೊಂದು, ನಮ್ಮ ಬನಶಂಕರಿಯಲ್ಲಿ ಬಂದರೂ ಇ ಹನ್ನೊಂದು. ಹಾಗಿದ್ದರೆ ತಾನೆ ಯಾವ ಊರಲ್ಲಿ ಯಾರಿಗೆ ಏನಾಗುತ್ತಿದೆ ಎಂದು ಲೆಕ್ಕ ಸಿಗುವುದು?

ಅತ್ತೆ ನಿವೃತ್ತರಾದ ದಿನ ಕೇಸ್ ಶೀಟು ಬರುವುದು ನಿಂತಿತು. ನಂಬರು ನಿಲ್ಲಲಿಲ್ಲ. ಫೈಲು ಸಿಗದಿದ್ದರೆ ಏನಂತೆ, ನೆಂಟರಿದ್ದಾರಲ್ಲ!

ಜಯನಗರದ ಒಂದು ಛತ್ರದಲ್ಲಿ ನಮ್ಮ ದೂರದ ಸಂಬಂಧಿಕರ ಮದುವೆ. ನಾನೂ ಅತ್ತೆಯೂ ಮೂರನೇ ಸಾಲಿನಲ್ಲಿ ಕೂತಿದ್ದೆವು. ಮದುಮಗ ಪೇಟ ತೆಗೆದು ಬೆವರು ಒರೆಸಿಕೊಂಡ. ಅತ್ತೆ ನನ್ನ ಕಿವಿಯಲ್ಲಿ, "ಎಲ್ ಅರವತ್ನಾಲ್ಕು. ಮೂವತ್ತೈದಕ್ಕೆ ಪೂರ್ತಿ ಹೋಗತ್ತೆ" ಎಂದರು. ನಾನು ಅವನ ಕೂದಲು ಉದುರಿದ ಮುಂದಲೆ ನೋಡಿ ನನ್ನ ಮುಂದಲೆ ಸವರಿಕೊಂಡೆ. ಊಟದ ಹಾಲ್‌ನಲ್ಲಿ ಹುಡುಗನ ತಾಯಿ ಹೊಸ ಸೊಸೆಗೆ, ಎಲೆಯ ಮೇಲೆ ಅಷ್ಟು ಉಪ್ಪು ಯಾಕೆ ಬಡಿಸಿಕೊಂಡೆ ಎಂದು ಕೇಳಿದರು. ಸೊಸೆ, ನಾನು ಬಡಿಸಿಕೊಂಡಿಲ್ಲ, ಅವರೇ ಬಡಿಸಿದ್ದು ಎಂದಳು. ತಾಳಿ ಕಟ್ಟಿ ಒಂದು ಗಂಟೆಯೂ ಆಗಿರಲಿಲ್ಲ. ಅತ್ತೆ ಹಪ್ಪಳ ಮುರಿಯುತ್ತಾ, "ಝಡ್ ಅರವತ್ತಮೂರು ಚುಕ್ಕಿ ಒಂದು" ಎಂದರು. ಅತ್ತೆ-ಸೊಸೆ ಜಗಳಕ್ಕೂ ನಂಬರಿದೆಯೇ? ಇದೆಯಂತೆ. ಹೆತ್ತವರ ಜೊತೆ, ಅತ್ತೆ-ಮಾವಂದಿರ ಜೊತೆ ಸಂಬಂಧ ಸರಿಯಿಲ್ಲದಿದ್ದರೆ ಅದಕ್ಕೊಂದು ಪ್ರತ್ಯೇಕ ಸ್ಥಾನ. ಜಗತ್ತಿನ ದೇಶಗಳು ಒಟ್ಟಿಗೆ ಕೂತು ಒಪ್ಪಿಕೊಂಡ ವಿಷಯಗಳು ಬಹಳ ಕಡಿಮೆ. ಅವುಗಳಲ್ಲಿ ಇದೊಂದು!

ಇನ್ನೊಂದು ಪ್ರಸಂಗ. ಅತ್ತೆಯ ಮನೆ ಓನರು ಆ ಕಡೆಯ ಹಳೇ ಹಳ್ಳಿಯವರು. ಜಮೀನೆಲ್ಲ ಸೈಟುಗಳಾಗಿ ಹೋದ ಮೇಲೂ ಹಿಂದಿನ ಖಾಲಿ ಜಾಗದಲ್ಲಿ ಒಂದು ಹಸು ಉಳಿಸಿಕೊಂಡಿದ್ದಾರೆ. ಒಂದು ದಿನ ಸುಬ್ರಹ್ಮಣ್ಯಪುರದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಾಗ ಹಸು ಅಡ್ಡ ಬಂದು, ಓನರು ಬಿದ್ದು, ಕೈ ಮುರಿಯಿತು. ಅತ್ತೆ ಹಣ್ಣು ಹಿಡಿದು ನೋಡಲು ಹೋದರು. ನಾನು ಹಿಂದೆ.

ಹಣ್ಣು ಕೊಟ್ಟದ್ದೇ ತಡ, ಅತ್ತೆ ಕೇಳಿದರು: "ಹಸು ಬಂದು ನಿಮಗೆ ಗುದ್ದಿತೋ, ನೀವು ಹೋಗಿ ಹಸುಗೆ ಗುದ್ದಿದ್ರೋ?"

ಓನರು ಕಣ್ಣು ಬಿಟ್ಟರು. "ಅದೆಲ್ಲ ಯಾರಿಗ್ ಗೊತ್ತು ಮೇಡಂ. ಬಿದ್ದೆ."

"ಗಾಡಿ ಓಡ್ತಿತ್ತೋ, ನಿಂತಿತ್ತೋ?"

"ನೀವೇನು ಇನ್ಶೂರೆನ್ಸಿನವ್ರಾ ಮೇಡಂ?"

ಅತ್ತೆಗೆ ಅದು ಬಹಳ ಮುಖ್ಯವಾದ ಪ್ರಶ್ನೆ. ಸ್ಕೂಟರ್ ಮೇಲೆ ಕೂತವನಿಗೂ ಹಸುವಿಗೂ ಡಿಕ್ಕಿಯಾದರೆ ಅದು ವಾಹನ ಅಪಘಾತ, ವಿ ಇಪ್ಪತ್ತು. ಕೆಳಗೆ ಇಳಿದು ನಿಂತವನಿಗೆ ಹಸು ತಿವಿದರೆ ಅದು ಪ್ರಾಣಿಯ ಕಾಟ, ಡಬ್ಲ್ಯೂ ಐವತ್ತೈದು. ಅಧ್ಯಾಯವೇನೋ ಒಂದೇ, ಕೈ ಮುರಿದದ್ದೂ ಒಂದೇ, ಆದರೆ ಎರಡಕ್ಕೂ ನಡುವೆ ಅರ್ಧ ಇಂಚು ದಪ್ಪದಷ್ಟು ಪುಟಗಳಿವೆ! ಕಡೆಗೆ ಅಡುಗೆಮನೆಯಿಂದ ಓನರ ಹೆಂಡತಿ ಕಾಫಿ ತರುತ್ತಾ ವಿಷಯ ಬಿಚ್ಚಿಟ್ಟರು. "ಹಸು ನಮ್ದೇ ಮೇಡಂ. ಅದಕ್ಕೆ ಇವ್ರನ್ನ ಕಂಡ್ರೆ ಆಗಲ್ಲ. ಗಾಡಿ ನಿಲ್ಸಿ ಬೈಯೋಕೆ ಇಳಿದ್ರು, ಅದು ತಿವೀತು."

ಓನರು ಗೋಡೆಯ ಕಡೆ ತಿರುಗಿ ಮಲಗಿದರು. ಮೆಟ್ಟಿಲು ಹತ್ತುವಾಗ ಅತ್ತೆ ಪೇಚಾಡಿಕೊಂಡರು. ಬೇಕೆಂದೇ ಹೊಡೆದದ್ದಕ್ಕೆ ಬೇರೆ ನಂಬರುಗಳಿವೆಯಂತೆ, ಆದರೆ ಅವು ಮನುಷ್ಯರು ಹೊಡೆದರೆ ಮಾತ್ರ. ಪಟ್ಟಿ ಮಾಡಿದವರಿಗೆ ಈ ಹಸುವಿನ ಪರಿಚಯ ಇರಲಿಲ್ಲ.

ಇದು ನಡೆದದ್ದು ಹೋದ ವರ್ಷವೋ ಅದರ ಹಿಂದಿನ ವರ್ಷವೋ ನನಗೆ ನೆನಪಿಲ್ಲ. ಹಣ್ಣು ಮೂಸಂಬಿಯೋ ಸೇಬೋ ಅದೂ ನೆನಪಿಲ್ಲ. ನೀವು ಕೇಳಬಹುದು, ಹಣ್ಣು ಯಾವುದಾದರೇನು? ನನಗೆ ಹಾಗೆ ಬಿಡಲು ಆಗುವುದಿಲ್ಲ. ಇಷ್ಟು ಹೊತ್ತು ನಗುತ್ತಾ ಬರೆದೆ, ಈಗ ಇದ್ದದ್ದು ಹೇಳಿಬಿಡುತ್ತೇನೆ. ನನಗೆ ಒಂದು ವರ್ಷದಿಂದ ಭಯ.

ಒಂದು ಸಂಜೆ ಜಯನಗರ ನಾಲ್ಕನೇ ಬ್ಲಾಕಿಗೆ ಸ್ಕೂಟರಿನಲ್ಲಿ ಹೋಗಿ ತರಕಾರಿ ಕೊಂಡು, ಬಸ್ಸಿನಲ್ಲಿ ಜೆ.ಪಿ. ನಗರದ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಗೇಟಿನ ಒಳಗೆ ಸ್ಕೂಟರ್ ಇಲ್ಲ. ಕಳ್ಳತನ! ಪೊಲೀಸ್ ಸ್ಟೇಷನ್ನಿಗೆ ಹೋಗಿ, ಮನೆಯ ಅಂಗಳದಿಂದಲೇ ಹೊತ್ತುಕೊಂಡು ಹೋಗಿದ್ದಾರೆ ಎಂದು ದೂರು ಹೇಳಿದೆ. ಪೇದೆ ಎಲ್ಲ ಕೇಳಿಸಿಕೊಂಡು, "ಸಾರ್, ನಿನ್ನೆ ಮಾರ್ಕೆಟ್ಟಿಗೆ ಏನಲ್ಲಿ ಹೋಗಿದ್ರಿ?" ಎಂದ. ನಾನು ಎದ್ದು ನೇರವಾಗಿ ಮಾರ್ಕೆಟ್ಟಿಗೆ ಹೋದೆ. ಸ್ಕೂಟರ್ ನಿಲ್ಲಿಸಿದಲ್ಲೇ ಇತ್ತು. ಹೆಲ್ಮೆಟ್ಟಿನೊಳಗೆ ಯಾರೋ ಬಾಳೆಹಣ್ಣಿನ ಸಿಪ್ಪೆ ಹಾಕಿದ್ದರು.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು. ನೆನಪನ್ನು ನಂಬಬೇಡಿ, ಬರೆದಿಟ್ಟದ್ದನ್ನು ಮಾತ್ರ ನಂಬಿ ಎಂದು ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಹಾಗಾಗಿ ಮರೆತದ್ದನ್ನೆಲ್ಲ ಬರೆದಿಡಲು ಒಂದು ನೋಟ್‌ಬುಕ್ ಇಟ್ಟೆ. ಎರಡು ತಿಂಗಳಾದ ಮೇಲೆ ಬೀರು ಒರೆಸುವಾಗ ಇನ್ನೊಂದು ನೋಟ್‌ಬುಕ್ ಸಿಕ್ಕಿತು. ಅದರಲ್ಲೂ ನನ್ನದೇ ಅಕ್ಷರ. ಎರಡರ ಮೊದಲ ಪುಟದಲ್ಲೂ ಅದೇ ಸ್ಕೂಟರಿನ ಕಥೆ. ಒಂದರಲ್ಲಿ ಮಂಗಳವಾರ, ಇನ್ನೊಂದರಲ್ಲಿ ಶನಿವಾರ!

ನನ್ನ ಹೆಂಡತಿ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಮದುವೆಯಾದ ವಾರವೇ ನಾನು ಅವಳನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದಿದ್ದೆನಂತೆ. ಆಗ ನನಗೆ ಇಪ್ಪತ್ತೊಂಬತ್ತು. ಆಗಿನಿಂದ ಹೀಗೇ ಇದ್ದೀರಿ, ಇದರಲ್ಲಿ ಹೊಸದೇನು ಎನ್ನುತ್ತಾಳೆ. ಆದರೆ ಅವಳಿಗೆ ಗೊತ್ತಿರುವ ಒಂದು ಸಂಗತಿಯನ್ನು ಅವಳೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ನಮ್ಮಪ್ಪನಿಗೂ ಹೀಗೇ ಆಗಿತ್ತು. ಅರವತ್ತೊಂದನೇ ವಯಸ್ಸಿಗೆ. ಆಗ ನಾನು ಕಲಬುರಗಿಯ ಕಾಲೇಜಿನಲ್ಲಿದ್ದೆ. ರಜೆಗೆ ಬಂದಾಗ ಅಪ್ಪ ಹಾಲ್‌ನ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಏನು ಕೇಳಿದರೂ ಅಮ್ಮನ ಮುಖ ನೋಡುತ್ತಿದ್ದರು. ಮನೆಯಲ್ಲಿ ಎಲ್ಲರೂ ತಗ್ಗಿದ ದನಿಯಲ್ಲಿ, ಅವರಿಗೆ ಜಿ ಮೂವತ್ತು ಎನ್ನುತ್ತಿದ್ದರು. ಮರೆವಿನ ಆ ದೊಡ್ಡ ಕಾಯಿಲೆಯ ಹೆಸರನ್ನು ಹೇಳಲು ನಾಲಿಗೆ ಏಳದಿದ್ದಾಗ ನಂಬರು ಅನುಕೂಲಕ್ಕೆ ಬಂದಿತ್ತು. ಆಮೇಲೆ ಒಂದು ದಿನ ಹೃದಯ ನಿಂತು ತೀರಿಕೊಂಡರು. ನನಗೀಗ ಅರವತ್ತು.

ಅಂದಮೇಲೆ ನಾನು ಯಾರನ್ನು ಕೇಳಬೇಕು? ಅತ್ತೆಯನ್ನೇ ತಾನೆ? ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಅವರು ಈಳಿಗೆಮಣೆಯ ಮುಂದೆ ಊದಿದ ಬಲಗಾಲು ಚಾಚಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಸ್ಕೂಟರು, ನೋಟ್‌ಬುಕ್ಕು ಎಲ್ಲ ಹೇಳಿ, "ನಂಗೆ ಯಾವ ನಂಬರು ಅತ್ತೆ?" ಎಂದೆ.

"ತಿಂಡಿ ತಿಂದ್ಯಾ?"

"ತಿಂದೆ ಅನ್ಸತ್ತೆ. ನಂಬರು ಹೇಳಿ."

"ನಾನೇನು ಡಾಕ್ಟ್ರಾ?"

"ಮದುವೆ ಗಂಡಿನ ಕೂದಲಿಗೆ ಕೊಟ್ರಿ. ಓನರ್ ಮನೆ ಹಸುಗೆ ಕೊಟ್ರಿ. ಸ್ವಂತ ಅಣ್ಣನ ಮಗ ಕೇಳಿದ್ರೆ ಡಾಕ್ಟ್ರಲ್ವಾ?"

"ಅವೆಲ್ಲ ಬೇರೆ. ಕೂತ್ಕೊಂಡು ನಾರು ತೆಗಿ."

ನಾನು ನಾರು ತೆಗೆದೆ. ನನ್ನೊಳಗಿನ ಸಂಶಯದ ಹುಳು ಸುಮ್ಮನಿರುತ್ತದೆಯೇ? ಒಂದು ಪ್ರಯೋಗ ಮಾಡಿ ನೋಡಿದೆ. ಬೇಕೆಂದೇ ಸೀನಿದೆ. ತಲೆ ಎತ್ತದೆ, "ಆರ್ ಸೊನ್ನೆ ಆರು ಚುಕ್ಕಿ ಏಳು" ಎಂದರು. ಹೊಟ್ಟೆ ಉರಿ ಎಂದೆ. "ಕೆ ಮೂವತ್ತು. ಮೆಣಸಿನಕಾಯಿ ಬಜ್ಜಿ ಬಿಡು." ಸರಿ, ಯಂತ್ರ ಕೆಟ್ಟಿಲ್ಲ. ಮತ್ತೆ ಮೆಲ್ಲಗೆ, ಮರೆವು ಎಂದೆ. ಅತ್ತೆ ಇನ್ನೊಂದು ಹಿಡಿ ಹುರುಳಿಕಾಯಿ ನನ್ನ ಮುಂದೆ ಸುರಿದರು.

ಲೋಕದಲ್ಲಿರುವ ಎಲ್ಲದಕ್ಕೂ ನಂಬರು ಕೊಡುವವರು ನನಗೆ ಮಾತ್ರ ಕೊಡುವುದಿಲ್ಲ ಎಂದರೆ ಅರ್ಥವೇನು? ಹೇಳಬಾರದಂಥ ನಂಬರು ಎಂದೇ ಅಲ್ಲವೇ?

ಅತ್ತೆ ತರಕಾರಿ ತೊಳೆಯಲು ಒಳಗೆ ಹೋದರು. ಕಪಾಟಿನಲ್ಲಿ ಅವರ ನಂಬರು ಪಟ್ಟಿಯ ಮೂರು ದಪ್ಪ ಸಂಪುಟಗಳಿದ್ದವು. ಈಗ ಹನ್ನೊಂದನೆಯ ಪರಿಷ್ಕರಣೆ ಬಂದು ಎಲ್ಲ ಕಂಪ್ಯೂಟರಿಗೆ ಹೋಗಿದೆಯಂತೆ. ಅತ್ತೆಯದು ಹತ್ತನೆಯದು, ಬೈಂಡು ಹಾಕಿಸಿದ್ದು. ಮೊದಲನೆಯದನ್ನು ತೆಗೆದು ಜಿ ಮೂವತ್ತರ ಪುಟ ಹುಡುಕಿದೆ. ಹುಡುಕಬೇಕಾಗಲಿಲ್ಲ, ಪುಸ್ತಕ ತಾನಾಗಿಯೇ ಅಲ್ಲಿ ತೆರೆದುಕೊಂಡಿತು. ಆ ಸಾಲಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ. ಒಂದಲ್ಲ, ಹಲವು. ಕಾಗದ ಹರಿಯುವಷ್ಟು ಒತ್ತಿ ಎಳೆದ ಗೆರೆಗಳು.

ಅತ್ತೆ ಸೆರಗಿಗೆ ಕೈ ಒರೆಸುತ್ತಾ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. ಪುಸ್ತಕ ತೆಗೆದುಕೊಂಡು ಮುಚ್ಚಿ, ಗುರುವಾರ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ ಎಂದರು. ಬೈದಿದ್ದರೆ ಎಷ್ಟೋ ಧೈರ್ಯ ಬರುತ್ತಿತ್ತು.

ಗುರುವಾರ ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ ನನಗಿಂತ ಮೊದಲೇ ಬಂದು ನಿಂತಿದ್ದರು. ಮರೆವಿನ ಡಾಕ್ಟರು ನನ್ನ ವಿದ್ಯಾರ್ಥಿನಿಯಾಗಿರಬಹುದಾದಷ್ಟು ಚಿಕ್ಕ ವಯಸ್ಸಿನವರು. ಆಗಿದ್ದರೂ ಆಗಿರಬಹುದು, ನನಗೆ ನೆನಪಿಲ್ಲ. ಅತ್ತೆ ಹೊರಗೆ ಕೂತರು. ಡಾಕ್ಟರು ಮೂರು ವಸ್ತುಗಳ ಹೆಸರು ಹೇಳಿ ನೆನಪಿಟ್ಟುಕೊಳ್ಳಿ ಎಂದರು. ಗಡಿಯಾರ ಬರೆಯಿರಿ ಎಂದರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ಲೆಕ್ಕದವನಿಗೆ ಅದೊಂದು ಸಂತೋಷ, ಮೈನಸ್ಸಿಗೆ ಇಳಿದ ಮೇಲೂ ಕಳೆಯುತ್ತಲೇ ಹೋದೆ. ಸಾಕು ಸರ್ ಎಂದರು. ಇವತ್ತು ಯಾವ ವಾರ ಎಂದು ಕೇಳಿದಾಗ, ಗುರುವಾರವೆಂದು ನಂಬಿದ್ದೇನೆ, ಆದರೆ ನಿಮ್ಮ ಗೋಡೆಯ ಕ್ಯಾಲೆಂಡರ್ ಬಿಟ್ಟರೆ ಬೇರೆ ಪುರಾವೆ ಇಲ್ಲ ಎಂದೆ. ಡಾಕ್ಟರು ಬಹಳ ಹೊತ್ತು ಏನೋ ಬರೆದರು. ಮೂರು ವಸ್ತುಗಳಲ್ಲಿ ಎರಡು ಹೇಳಿದೆ. ಮೂರನೆಯದು ನಾಲಿಗೆಯ ತುದಿಯಲ್ಲೇ ಇತ್ತು, ಇಳಿಯಲಿಲ್ಲ. ಈಗಲೂ ಇಳಿದಿಲ್ಲ.

ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇತ್ತೇ ಎಂದರು. ನಮ್ಮ ತಂದೆಗೆ ಎಂದೆ.

ರಕ್ತ ಪರೀಕ್ಷೆ, ಸ್ಕ್ಯಾನು, ಮೂರು ತಿಂಗಳ ಮೇಲೆ ಮತ್ತೆ ಬನ್ನಿ ಎಂದು ಚೀಟಿ ಕೊಟ್ಟರು. ಚೀಟಿಯ ನೆತ್ತಿಯಲ್ಲಿ ಒಂದು ಸಾಲಿತ್ತು. ನನಗೆ ಓದಲಾಗಲಿಲ್ಲ, ಓದುವುದು ಬೇಡವೂ ಆಗಿತ್ತು. ಹೊರಗೆ ಬಂದು ಅತ್ತೆಯ ಕೈಗೆ ಕೊಟ್ಟು, ಈಗ ಡಾಕ್ಟರೇ ಬರೆದಿದ್ದಾರೆ, ಇನ್ನಾದರೂ ನಂಬರು ಹೇಳಿ ಎಂದೆ.

ಅತ್ತೆ ಕನ್ನಡಕ ಹಾಕಿಕೊಂಡರು. ಆ ಸಾಲಿನ ಮುಂದೆ ಬೆರಳಿಟ್ಟು, "ಇದೇನು?" ಎಂದರು.

"ಪ್ರಶ್ನೆಚಿಹ್ನೆ."

"ಅದಿದ್ರೆ ಕಾಯಿಲೆಗೆ ನಂಬರು ಹಾಕೋ ಹಾಗಿಲ್ಲ. ನಮ್ಮ ಕೆಲಸದಲ್ಲಿ ಮೊದಲನೇ ದಿನ ಕಲಿಸೋ ಪಾಠ ಅದು. ಡಾಕ್ಟ್ರಿಗೆ ಅನುಮಾನ ಇದ್ರೆ, ರೋಗಿ ಏನು ಹೇಳ್ಕೊಂಡು ಬಂದನೋ ಅಷ್ಟಕ್ಕೇ ನಂಬರು. ಅನುಮಾನಕ್ಕೆ ಹಾಕಬಾರದು."

ಮುಂದಿನ ಸಾಲಿಗೆ ಅವರ ಬೆರಳು ಇಳಿದು ಅಲ್ಲೇ ನಿಂತಿತು. "ತಂದೆಗೆ ಇತ್ತು ಅಂತ ಯಾರು ಹೇಳಿದ್ದು?"

"ನಾನು."

"ನಿಮ್ಮಪ್ಪನಿಗೆ ಇರಲಿಲ್ಲ ಕಣೋ."

ಆಮೇಲೆ ಆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕೂತು, ಚೀಟಿಯನ್ನು ಮಡಿಸುತ್ತಾ ಬಿಚ್ಚುತ್ತಾ ಅತ್ತೆ ಹೇಳಿದ್ದು ಇಷ್ಟು. ಅಪ್ಪನಿಗೆ ಮರೆವು ಶುರುವಾದಾಗ ಅತ್ತೆಯೇ ತಮ್ಮ ಆಸ್ಪತ್ರೆಯಲ್ಲಿ ತೋರಿಸಿದ್ದರು. ಡಾಕ್ಟರು ಆ ಕಾಯಿಲೆಯ ಹೆಸರು ಬರೆದು, ಅದರ ಮುಂದೆ ಪ್ರಶ್ನೆಚಿಹ್ನೆ ಹಾಕಿದ್ದರು. ಆಫೀಸಿನಲ್ಲಾಗಿದ್ದರೆ ಅತ್ತೆ ಆ ಹೆಸರಿಗೆ ನಂಬರು ಹಾಕುತ್ತಲೇ ಇರಲಿಲ್ಲ. ಆದರೆ ಅಂದು ಭಾನುವಾರ, ಎಲ್ಲರೂ ಊಟಕ್ಕೆ ಕೂತಿದ್ದರು, ಅಪ್ಪ ಸಾರು ಎರಡು ಸಲ ಕೇಳಿದರು. ಅತ್ತೆ ನಗುತ್ತಾ, ಇನ್ನು ಮೇಲೆ ನೀನು ಜಿ ಮೂವತ್ತು ಅಣ್ಣ ಎಂದುಬಿಟ್ಟರು. ಅಪ್ಪ ಏನದು ಎಂದು ಕೇಳಿದರು. ಅತ್ತೆ ಹೇಳಿದರು. ಅಪ್ಪನೂ ನಕ್ಕರಂತೆ. ಮರುದಿನದಿಂದ ಅವರು ಬೀಗದ ಕೈ ಇಟ್ಟುಕೊಳ್ಳಲಿಲ್ಲ, ಬ್ಯಾಂಕಿಗೆ ಹೋಗಲಿಲ್ಲ. ಏನು ಕೇಳಿದರೂ ತಪ್ಪಾದೀತೆಂದು ಅಮ್ಮನ ಕಡೆ ನೋಡತೊಡಗಿದರು. ಒಂದು ವರ್ಷದ ಮೇಲೆ ಬೇರೆ ಡಾಕ್ಟರು ರಕ್ತ ನೋಡಿ, ಇದು ಥೈರಾಯ್ಡ್ ಕಡಿಮೆಯಾದದ್ದು, ಆ ಕಾಯಿಲೆ ಅಲ್ಲವೇ ಅಲ್ಲ ಎಂದು ಬರೆದರು. ದಿನಕ್ಕೊಂದು ಮಾತ್ರೆ. ಅತ್ತೆ ಮನೆಗೆ ಬಂದು ಎಲ್ಲರಿಗೂ ಹೇಳಿದರು, ಅಪ್ಪನಿಗೆ ಹತ್ತು ಸಲ ಹೇಳಿದರು. ಅಪ್ಪ ಮಾತ್ರೆ ನುಂಗಿದರು, ಕುರ್ಚಿಯಿಂದ ಏಳಲಿಲ್ಲ.

"ಪ್ರಶ್ನೆಚಿಹ್ನೆ ನಂಗೆ ಕಂಡಿತ್ತು" ಎಂದರು ಅತ್ತೆ. "ಕಂಡಿರಲಿಲ್ಲ ಅಂತಲ್ಲ."

ನನಗೂ ಯಾರೋ ಹೇಳಿರಬೇಕು. ಕಲಬುರಗಿಗೆ ಫೋನಿನಲ್ಲಿ ಅಮ್ಮ ಹೇಳಿರಬೇಕು, ಥೈರಾಯ್ಡ್ ಎಂಬ ಪದ ಎಲ್ಲೋ ಕೇಳಿದ ನೆನಪು. ಆದರೆ ನನ್ನಲ್ಲಿ ಉಳಿದದ್ದು ನಂಬರು, ಮೂಲೆಯ ಕುರ್ಚಿ. ಇಪ್ಪತ್ತು ವರ್ಷಗಳಿಂದ ನಮ್ಮಪ್ಪನಿಗೆ ಇಲ್ಲದ ಕಾಯಿಲೆಯನ್ನು ನಾನು ಜೋಪಾನವಾಗಿ ನೆನಪಿಟ್ಟುಕೊಂಡಿದ್ದೆ. ನೆನಪನ್ನು ನಂಬಬೇಡಿ ಎಂದು ಅಷ್ಟು ವರ್ಷ ಪಾಠ ಹೇಳಿದವನು!

ಅತ್ತೆ ಎದ್ದರು. ಟೋಕನ್ನೂ ಇಲ್ಲ, ಸರದಿಯೂ ಇಲ್ಲ, ನರ್ಸ್ ಅಡ್ಡ ಬಂದರೂ ಕೇಳದೆ ಡಾಕ್ಟರ ಕೋಣೆಗೆ ನುಗ್ಗಿದರು. ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಮಾತು ಪೂರ್ತಿ ಕೇಳಿಸಲಿಲ್ಲ. ತಪ್ಪು ನನ್ನದು ಎಂದದ್ದು ಕೇಳಿಸಿತು. ಹೊರಗೆ ಬಂದಾಗ ಚೀಟಿಯಲ್ಲಿ ತಂದೆಯ ಸಾಲನ್ನು ಡಾಕ್ಟರು ಹೊಡೆದು ಹಾಕಿ ಸಹಿ ಮಾಡಿದ್ದರು. ಮೇಲಿನ ಪ್ರಶ್ನೆಚಿಹ್ನೆ ಹಾಗೇ ಇತ್ತು. ರಕ್ತ ಪರೀಕ್ಷೆಯ ಪಟ್ಟಿಯಲ್ಲಿ ಥೈರಾಯ್ಡಿನ ಸುತ್ತ ಒಂದು ವೃತ್ತ.

ಅಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ, ಮೂಳೆ ವಿಭಾಗದ ನರ್ಸ್ ಒಬ್ಬರ ಹೆಸರು ಕೂಗಿದಳು. ಎರಡನೆಯ ಸಲ ಕೂಗಿದಾಗ ನನಗೆ ಹೊಳೆಯಿತು, ಅದು ಅತ್ತೆಯ ಹೆಸರು. ಎರಡು ವರ್ಷದಿಂದ ಅವರ ಬಲ ಮೊಣಕಾಲು ಊದಿಕೊಂಡಿದ್ದರೂ, ಮನೆಯವರೆಲ್ಲ ಹೇಳಿ ಹೇಳಿ ಸೋತರೂ ಡಾಕ್ಟರಿಗೆ ತೋರಿಸಿದವರಲ್ಲ. ಇಲ್ಲಿ ಹೆಸರು ಯಾವಾಗ ಬರೆಸಿದ್ದು ಎಂದು ಕೇಳಿದೆ. ಅವರು ಚೀಲದಿಂದ ಹೊಸ ನೋಂದಣಿ ಕಾರ್ಡೊಂದು ತೆಗೆದು ತೋರಿಸಿದರು. ಅದರ ಮೇಲಿನ ಸಮಯ ನನ್ನ ಕಾರ್ಡಿಗಿಂತ ಇಪ್ಪತ್ತು ನಿಮಿಷ ಮುಂಚಿನದು.

"ನಿಂಗೆ ಇವತ್ತು ಒಂದು ನಂಬರು ಬೇಕಿತ್ತಲ್ಲ" ಎಂದರು. "ಝಡ್ ಎಪ್ಪತ್ತಾರು ಚುಕ್ಕಿ ಮೂರು. ಬರ್ಕೋ."

"ಹಾಗಂದ್ರೆ?"

"ರೋಗಿ ಜೊತೆ ಬಂದಿರೋ ಆರೋಗ್ಯವಂತ."

ಅತ್ತೆ ಕೈ ಚಾಚಿ, "ಹಿಡ್ಕೋ, ಎಡವಿದ್ರೆ ಕಷ್ಟ" ಎಂದರು. ಅವರ ಬಲಗೈಯನ್ನು ನನ್ನ ಎರಡು ಕೈಗಳಲ್ಲಿ ಹಿಡಿದುಕೊಂಡೆ. ಕಾರಿಡಾರ್ ಉದ್ದಕ್ಕೂ ನಿಧಾನವಾಗಿ, ಅವರ ಹೆಜ್ಜೆಗೆ ನನ್ನ ಹೆಜ್ಜೆ ಸೇರಿಸಿ ನಡೆದೆ.